ಖಾಲಿ ಬಿಟ್ಟ ಸಾಲು

"ಮೂರನೇ ಸಾಲು ಖಾಲಿ ಇರಲಿ. ಅದರಲ್ಲಿ ಯಾರ ದನೀನೂ ಇಡಬೇಡಪ್ಪಾ" ಎಂದು ಹೊಲಿಗೆಯ ಮುದುಕಿ ಹೇಳಿದಾಗ ಜೀರುಂಡೆ ನಕ್ಕುಬಿಟ್ಟ.

ಜೀರುಂಡೆ ಎಂಬುದು ಅವನ ಅಕ್ಕ ಇಟ್ಟ ಅಡ್ಡಹೆಸರು. ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋಗೇಮ್ ಡಬ್ಬಿಗಳಿಂದ ಸಂಗೀತ ಮಾಡುವುದು ಅವನ ಹುಚ್ಚು. ಎರಡು ಡಬ್ಬಿಗಳನ್ನು ದನಿ ಬೆರೆಸುವ ಒಂದು ಸಣ್ಣ ಮಿಕ್ಸರಿಗೆ ಸಿಕ್ಕಿಸಿ, ಕೀಂಯ್ ಕೀಂಯ್ ಎನ್ನುವ ದನಿಗಳನ್ನೇ ಪೋಣಿಸಿ ರಾಗ ಹೊರಡಿಸುತ್ತಿದ್ದ. ಅಂಥ ಡಬ್ಬಿಯಲ್ಲಿ ಒಟ್ಟಿಗೆ ನುಡಿಯುವ ದನಿಯ ಸಾಲುಗಳು ನಾಲ್ಕೇ. ಮೊದಲೆರಡರಲ್ಲಿ ರಾಗ, ಕೊನೆಯದರಲ್ಲಿ ಬುಸುಗುಡುವ ತಾಳ. ಮೂರನೆಯದು ಮಾತ್ರ ಬೇರೆ ಜಾತಿಯದು. ಅದರಲ್ಲಿ ಮನುಷ್ಯರ ದನಿಯ ಚೂರೊಂದನ್ನು, ಒಂದು ಕೂಗಿನಷ್ಟನ್ನು, ಹಿಡಿದಿಡಬಹುದು.

ಮುದುಕಿಯ ಮಗನಿಗೂ ಇದೇ ಹುಚ್ಚಿತ್ತಂತೆ. ಅವನು ಮನೆ ಬಿಟ್ಟುಹೋದ ಮೇಲೆ ಉಳಿದದ್ದು ಒಂದು ಡಬ್ಬಿ ಮತ್ತು ಅವನ ಹಾಡುಗಳಿದ್ದ, ಡಬ್ಬಿಗೆ ಸಿಕ್ಕಿಸುವ ಒಂದು ಗೇಮ್ ಕ್ಯಾಸೆಟ್ಟು. ಎರಡನ್ನೂ ಮುದುಕಿ ಈಗ ಜೀರುಂಡೆಗೆ ಕೊಡುತ್ತಿದ್ದಳು. ಹೊಸ ಬಟ್ಟೆಯ ಗಂಜಿಯೂ ಮಿಷನ್ ಎಣ್ಣೆಯೂ ಕಲೆತು ನಾರುತ್ತಿದ್ದ ಆ ಕೋಣೆಯಲ್ಲಿ ಮುದುಕಿಯ ಮಗಳು ತಲೆಯೆತ್ತದೆ ಹೊಲಿಯುತ್ತಿದ್ದಳು. ಅವಳಿಗೆ ಮಾತು ನಿಂತು ವರ್ಷಗಳಾಗಿದ್ದವು.

"ಇಟ್ಟರೆ ಏನಾಗುತ್ತೆ ಅಜ್ಜೀ? ಭೂತ ಬಂದು ತಾಳ ಹಾಕುತ್ತಾ?"

"ಬೇಡ ಅಂತ ನಾನು ಹೇಳಿದೀನಿ. ಕೇಳಿಸ್ತು ತಾನೇ?"

"ಕೇಳಿಸ್ತು."

"ಹಾಗಲ್ಲ. ಹೂಂ ಅನ್ನು."

"ಹೂಂ" ಎಂದ, ಇನ್ನೂ ನಗುತ್ತಲೇ.

ಹೊಲಿಗೆಯ ಮಿಷನ್ನಿನ ಚಕ್ರ ಗಕ್ಕನೆ ನಿಂತಿತು.

ಅಕ್ಕನಿಗೆ ವರ್ಗವಾಗಿದ್ದರಿಂದ ಇಬ್ಬರೂ ಆ ಊರಿಗೆ ಹೊಸಬರು. ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ವಿವರ ಕೂಗಿ ಹೇಳುವುದು ಅವಳ ಕೆಲಸ. ತಾಯಿ ತೀರಿಕೊಂಡಂದಿನಿಂದ ಇಬ್ಬರ ಹೊಟ್ಟೆಯನ್ನೂ ತುಂಬಿಸಿದ್ದು ಆ ಗಂಟಲು. ಮನೆ ನಿಲ್ದಾಣದ ಬೆನ್ನಿಗೇ ಇತ್ತು. ಹಗಲೆಲ್ಲ ಗೋಡೆಯಾಚೆಯಿಂದ ಅವಳ ದನಿ ತೇಲಿ ಬರುತ್ತಿತ್ತು. ಗುಡಿಯ ದೀಪ ಗಾಳಿಗೆ ಅಲುಗಾಡದೆ ನಿಂತಂತೆ, ಅಂಥ ದನಿ. ದೇವರು ಕೊಟ್ಟದ್ದು. ಕೊಟ್ಟದ್ದು ನಿತ್ಯ ಕಿವಿಗೆ ಬೀಳುತ್ತಿದ್ದರೆ ಅದು ಕೊಟ್ಟದ್ದೆಂಬುದೇ ಮರೆತುಹೋಗುತ್ತದೆ.

ಕ್ಯಾಸೆಟ್ಟಿನೊಳಗೆ ಹಾಡುಗಳನ್ನು ಕಾಯುವ ಗುಂಡನೆಯ ಸೆಲ್ ಹಳತಾಗಿತ್ತು. ಬದಲಿಸಲೆಂದು ತಿರುಪು ಬಿಚ್ಚಿದರೆ, ಸೆಲ್ಲಿನ ಸುತ್ತ ಕೂದಲು. ಒತ್ತಾಗಿ, ಒಂದರ ಪಕ್ಕ ಒಂದರಂತೆ ಸುತ್ತಿ, ಕರಿದಾರದಿಂದ ಗಂಟು ಹಾಕಿತ್ತು. ಅದನ್ನು ಕಿತ್ತು ಹೊಸ ಸೆಲ್ ಕೂರಿಸಲು ಕಾದ ಬೆಸುಗೆ ಕಡ್ಡಿ ಮುಟ್ಟಿಸಿದ. ಸುಟ್ಟ ಕೂದಲಿನ ನಾತ ಮನೆಯೆಲ್ಲ ಹರಡಿತು.

"ಆ ಅಜ್ಜಿ ಬೇಡ ಅಂದ್ಮೇಲೆ ಬಿಡೋ" ಎಂದಳು ಅಕ್ಕ, ಮೂಗು ಮುಚ್ಚಿಕೊಂಡು. "ಒಂದು ಸಾಲಿಲ್ದೆ ಇದ್ರೆ ನಿನ್ನ ಹಾಡು ಕುಂಟುತ್ತಾ?"

ಕುಂಟುತ್ತದೆ ಎಂದೇ ಅವನಿಗನಿಸಿತು. ನಾಲ್ಕೇ ಸಾಲಿನ ಬಡತನದಲ್ಲಿ ಬಾಳುವವರಿಗೆ ಒಂದನ್ನು ಬರಿದೇ ಬಿಡುವುದೆಂದರೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆದ್ದಂತೆ. ಆ ಮಗನ ಹಾಡೋ, ಅದ್ಭುತ. ಎರಡು ರಾಗಗಳು ಒಂದನ್ನೊಂದು ಅಟ್ಟಿಸಿಕೊಂಡು ಬಂದು, ನಡುವೆ ಯಾರಿಗೋ ಜಾಗ ಬಿಟ್ಟು ಕಾಯುತ್ತಿದ್ದವು. ಅಡುಗೆಮನೆಯಿಂದ ಅಕ್ಕ ಎಂದಿನಂತೆ "ಬಾರೋ ಜೀರುಂಡೆ, ಊಟ ಆರ್ತಿದೆ" ಎಂದು ಕರೆದಾಗ ಆ ಕರೆಯನ್ನು ಫೋನಿನಲ್ಲಿ ಹಿಡಿದುಕೊಂಡ. ಅದರಿಂದ "ಬಾರೋ" ಒಂದನ್ನೇ ಕತ್ತರಿಸಿ ಮೂರನೇ ಸಾಲಿಗಿಳಿಸಿದ.

ಮರುದಿನ ಅಕ್ಕ ಕೆಲಸಕ್ಕೆ ಹೋದ ಮೇಲೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಸದ್ದು ಹೊರಹೋಗದಿರಲೆಂದು ಮೂರು ಗೋಡೆಗೂ ಕಿಟಕಿಗೂ ದಪ್ಪ ಕಂಬಳಿ ಹೊಡೆದಿದ್ದ. ನಿಲ್ದಾಣದ ಕಡೆಯ ಗೋಡೆಗೆ ಕಂಬಳಿ ಸಾಲದೆ ಹಾಗೇ ಬಿಟ್ಟಿದ್ದ. ಅಲ್ಲಿ ಹಗಲೂ ಕತ್ತಲೆಯೇ. ಡಬ್ಬಿಯ ಪರದೆಯ ಪಾಚಿಬಣ್ಣದ ಬೆಳಕೊಂದೇ ಅವನ ಬೆರಳುಗಳ ಮೇಲೆ ಬಿದ್ದಿತ್ತು. ಗುಂಡಿ ಒತ್ತಿದ. ರಾಗ ಬಂತು. ಎರಡನೆಯದು ಅದನ್ನು ಹಿಂಬಾಲಿಸಿತು. ತಾಳ ಬುಸುಗುಟ್ಟಿತು.

ಬಾರೋ.

ಮೈ ಜುಮ್ಮೆಂದಿತು, ಅಷ್ಟು ಚೆನ್ನಾಗಿ ಕೂತಿತ್ತು. ಗೋಡೆಯಾಚೆ ಅಕ್ಕನ ದನಿ ಏಳುತ್ತಿತ್ತು: "ಪ್ರಯಾಣಿಕರ ಗಮನಕ್ಕೆ, ಮುಂದಿನ ಗಾಡಿಯು..."

ಅಲ್ಲಿಗೇ ನಿಂತಿತು.

ಮೈಕು ಕೆಟ್ಟಿರಬೇಕು ಎಂದುಕೊಂಡ. ಕಾದ. ಗಾಡಿ ಬಂದ ಸದ್ದು ಕೇಳಿಸಿತು. ಹೋದ ಸದ್ದೂ ಕೇಳಿಸಿತು. ಹೇಳುವವರು ಯಾರೂ ಇರಲಿಲ್ಲ.

ಬಾರೋ.

ಈ ಸಲ ಅದು ತಾಳಕ್ಕೆ ಬಂದಿರಲಿಲ್ಲ. ಅವನು ಹಾಡು ನಿಲ್ಲಿಸಿದ. ಬಾರೋ. ದನಿಯ ತಿರುಗಣೆಯನ್ನು ಪೂರಾ ಇಳಿಸಿದ. ಬಾರೋ. ಮಿಕ್ಸರಿನ ತಂತಿ ಕಿತ್ತ. ಕತ್ತಲೆಯ ಮೂಲೆಯಿಂದ ಬಂತು. ಬಾರೋ. ಡಬ್ಬಿ ಆರಿಸಿದ. ಬೆಳಕು ಹೋಯಿತು. ದನಿ ಹೋಗಲಿಲ್ಲ. ಬ್ಯಾಟರಿ ಉದುರಿಸಿದ. ಕಂಬಳಿಯ ಹಿಂದಿನಿಂದ ಬಂತು. ಕಿವಿಯ ಹತ್ತಿರ ಬಂತು. ಮತ್ತೆ ಸುಟ್ಟ ಕೂದಲಿನ ನಾತ. ಕಿಟಕಿಯ ಕಂಬಳಿ ಹರಿದ. ಕ್ಯಾಸೆಟ್ಟು ಎಳೆದ. ತಿರುಪು ಜಾರಿತು. ಬಿಚ್ಚಿದ.

ತಾನೇ ಹಾಕಿದ ಹೊಚ್ಚ ಹೊಸ ಸೆಲ್. ಅದರ ಸುತ್ತ ಕೂದಲು. ನೀಳವಾದ ಕಪ್ಪು ಕೂದಲು, ನಡುವೆ ಒಂದೇ ಒಂದು ಬಿಳಿ ಎಳೆ. ಹೋದ ವಾರವಷ್ಟೇ ಕನ್ನಡಿಯ ಮುಂದೆ ಅಕ್ಕ ಅದನ್ನು ತೋರಿಸಿ, "ನಿನ್ನ ಕಾಟಕ್ಕೆ ನೋಡು" ಎಂದು ಬೈದಿದ್ದಳು.

ನಿಲ್ದಾಣಕ್ಕೆ ಓಡಿದ. ಅಕ್ಕ ಮೈಕಿನ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಳು. ಎರಡೂ ಕೈ ಕೊರಳ ಮೇಲೆ. ಉಸಿರು ಬರುತ್ತಿತ್ತು. ಉಸಿರಷ್ಟೇ.

ಮುದುಕಿಯ ಮನೆಯ ಬಾಗಿಲನ್ನು ಅವನು ಬಡಿಯಬೇಕಾಗಲಿಲ್ಲ. ಮುದುಕಿಯ ಮಗಳು ಅದನ್ನು ತೆರೆದುಕೊಂಡೇ ನಿಂತಿದ್ದಳು. ಅವನನ್ನು ಕಂಡು ಮೆಲ್ಲಗೆ ನಕ್ಕಳು.

"ಬಾರೋ ಜೀರುಂಡೆ" ಎಂದಳು.

ಅಕ್ಕನ ದನಿ. ಅದೇ ಎಳೆತ, ಅದೇ ಅಕ್ಕರೆ. ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು.

ಅವನು ಒಳಗೆ ಓಡಿದ. ತನ್ನ ಗಂಟಲನ್ನೇ ತೆಗೆದುಕೊಳ್ಳಿ, ಅಕ್ಕನದನ್ನು ಕೊಡಿ ಎಂದು ಮುದುಕಿಯ ಕಾಲು ಹಿಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಎಲ್ಲವನ್ನೂ ಹೇಳಿದಳು. ಆಗದವನೊಬ್ಬ ಮಾಟ ಮಾಡಿಸಿ ಆ ಕ್ಯಾಸೆಟ್ಟನ್ನು ಮಗನ ಕೈಗಿಟ್ಟಿದ್ದ. ಮಗ ತಂಗಿಯ ದನಿಯನ್ನು ಅದರಲ್ಲಿಟ್ಟು, ಆಮೇಲೆ ಅವಳ ಮುಖ ನೋಡಲಾರದೆ ಹೊರಟುಹೋದ. ಆ ಸಾಲಿನೊಳಗೆ ಹೋದ ದನಿ ತನ್ನ ಗಂಟಲಿಗೆ ಮರಳುವುದಿಲ್ಲ. ಮುಂದಿನವರ ದನಿ ಬಂದು, ಹಿಂದೆ ಕಳೆದುಕೊಂಡವರ ಬಾಯಲ್ಲಿ ಕೂರುತ್ತದೆ.

"ಮತ್ತೆ ಬೇಡ ಅಂತ ಯಾಕಜ್ಜಿ ಹೇಳಿದೆ?"

"ಹೇಳದೆ ಕೊಟ್ಟರೆ ಹತ್ತೋದಿಲ್ಲಪ್ಪ. ಬೇಡ ಅನ್ನಬೇಕು. ಅವರು ಹೂಂ ಅನ್ನಬೇಕು. ಆಮೇಲೂ ಇಡಬೇಕು." ದಾರವನ್ನು ಹಲ್ಲಿನಿಂದ ಕಡಿದಳು. "ಡಬ್ಬಿ ನುಡಿಸೋ ನಿಮ್ಮ ಜನ ಇಟ್ಟೇ ಇಡ್ತಾರೆ. ಖಾಲಿ ಸಾಲು ನೋಡಿ ಸುಮ್ಮನಿರೋಕೆ ನಿಮಗೆ ಬರೋದಿಲ್ಲ."

ಒಳಗಿನಿಂದ ಅಕ್ಕನ ದನಿ "ಅಮ್ಮಾ, ಊಟಕ್ಕೆ ಬಾ" ಎಂದು ಕರೆಯಿತು. ಮುದುಕಿ ಕಣ್ಣೊರೆಸಿಕೊಂಡು ಎದ್ದುಹೋದಳು.

ಡಬ್ಬಿಗಳನ್ನು ಹಿಡಿದು ನುಡಿಸುವವರೆಲ್ಲ ವಾರಕ್ಕೊಮ್ಮೆ ಸೇರುವ ನೆಲಮಾಳಿಗೆಯೊಂದು ಊರಿನಲ್ಲಿತ್ತು. ಕ್ಯಾಸೆಟ್ಟನ್ನು ಜೇಬಿಗಿಳಿಸಿಕೊಂಡು ಜೀರುಂಡೆ ಅತ್ತ ನಡೆದ. ಅಕ್ಕನ ಬಾಯಲ್ಲಿ ಇನ್ನು ಮುಂದೆ ಯಾರದೋ ದನಿ. ಆಗಲಿ, ದನಿಯೊಂದು ಬಂದರೆ ಸಾಕು ಎಂದುಕೊಂಡ. ದೇವರ ಹೆಸರು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ದಾರಿಯುದ್ದಕ್ಕೂ ಒಂದೇ ಮಾತನ್ನು ಮತ್ತೆ ಮತ್ತೆ ಆಡಿ ನೋಡಿದ.

"ಮೂರನೇ ಸಾಲು ಖಾಲಿ ಇರಲಿ."

ಮೊದಮೊದಲು ದನಿ ನಡುಗಿತು. ನೆಲಮಾಳಿಗೆಯ ಮೆಟ್ಟಿಲು ಇಳಿಯುವ ಹೊತ್ತಿಗೆ ಅದರಲ್ಲಿ ಅಕ್ಕರೆ ಬಂದಿತ್ತು.