ಚೆಂಡು ಇನ್ನೂ ಗಾಳಿಯಲ್ಲಿತ್ತು

ದೊಡ್ಡಣ್ಣ ಸೋತ ಸಂಜೆ ಅವಳಿಗೆ ಸಿಟ್ಟು ಬಂದದ್ದು ದೊಡ್ಡಣ್ಣನ ಮೇಲಲ್ಲ. ಅವನನ್ನು ಸೋಲಿಸಿದ ಚಿಗುರುಮೀಸೆಯ ಮೇಲೂ ಅಲ್ಲ. ಪಕ್ಕದ ಮನೆಯವನ ಮೇಲೆ.

ದೊಡ್ಡಣ್ಣ ಯಾರ ಮನೆಯ ಅಣ್ಣನೂ ಅಲ್ಲ, ಟೆನಿಸ್ ಆಡುವವನು. ವರ್ಷಗಟ್ಟಲೆ ಕಪ್ ಎತ್ತಿ ಎತ್ತಿ ಭುಜ ಸವೆಸಿಕೊಂಡವನು. ಆ ಕಟ್ಟಡದಲ್ಲಿ ಟೆನಿಸ್ ಹುಚ್ಚಿದ್ದವರು ಮೂರೇ ಜನ, ಮೂವರ ಬಾಯಲ್ಲೂ ಅವನು ದೊಡ್ಡಣ್ಣ. ಎದುರಾಳಿಗೆ ಮೀಸೆ ಆಗಷ್ಟೇ ಮೊಳೆಯುತ್ತಿತ್ತು, ಅದಕ್ಕೇ ಚಿಗುರುಮೀಸೆ. ಆ ಭಾನುವಾರದ ಫೈನಲ್‌ನಲ್ಲಿ ಚಿಗುರುಮೀಸೆ ದೊಡ್ಡಣ್ಣನಿಗೆ ಮಣ್ಣು ಮುಕ್ಕಿಸಿದ. ಆಗಲಿ, ಆಟ ಅಂದ ಮೇಲೆ ಸೋಲು ಗೆಲುವು ಇದ್ದದ್ದೇ. ಆದರೆ ಪಕ್ಕದ ಮನೆಯವನು ಮಾಡಿದ್ದು ಮೋಸ. ಅವಳ ಪ್ರಕಾರ ಶುದ್ಧ ನಂಬಿಕೆದ್ರೋಹ.

ವಿಷಯ ಹೀಗಿದೆ ನೋಡಿ. ಅವಳ ಹಾಲಿಗೂ ಅವನ ಹಾಲಿಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಅವನ ಟಿ.ವಿ.ಗೆ ಡಿಶ್ ಇದೆ. ಅವಳದು ಇಂಟರ್‌ನೆಟ್ಟಿನಿಂದ ಓಡುವಂಥದ್ದು. ಒಂದೇ ಮ್ಯಾಚು ಅವನ ಮನೆಗೆ ಮೊದಲು ಬರುತ್ತದೆ, ಅವಳ ಮನೆಗೆ ಒಂದು ನಿಟ್ಟುಸಿರಿನಷ್ಟು ತಡವಾಗಿ ಬರುತ್ತದೆ. ಅವಳ ಪರದೆಯಲ್ಲಿ ದೊಡ್ಡಣ್ಣ ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆಸೆಯುತ್ತಿರುವಾಗಲೇ ಗೋಡೆಯಾಚೆಯಿಂದ "ಅಯ್ಯೋ ಪಾಪ" ಎಂದು ಕೇಳಿಬಿಡುತ್ತಿತ್ತು. ಮುಗಿಯಿತು, ಹೋಯಿತು ಆ ಪಾಯಿಂಟು. "ಭಲೇ" ಎಂದರೆ ಬಂತು. ನೋಡುವುದಕ್ಕೆ ಉಳಿದದ್ದಾದರೂ ಏನು?

ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಹೋಗಿ ಅವನ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನ ತುಟಿಗಳ ನಡುವೆ ಸಾಲಾಗಿ ಪುಟ್ಟ ಪುಟ್ಟ ಮೊಳೆಗಳಿದ್ದವು. ಕೈಯಲ್ಲಿ ಸುತ್ತಿಗೆ, ತೋಳಿಗೆಲ್ಲ ಕೆಂಪು ವೆಲ್ವೆಟ್ಟಿನ ನಯವಾದ ಧೂಳು. ಹಳೆಯ ನಾಟಕದ ಥಿಯೇಟರಿನ ಕುರ್ಚಿಗಳಿಗೆಲ್ಲ ಹೊಸ ಮೈ ಹೊಲಿಯಲು ಬೇರೆ ಊರಿನಿಂದ ಬಂದಿದ್ದವನು ಅವನು. ಕೆಲಸ ಇರುವಷ್ಟು ದಿನ ಮಾತ್ರ ಬಾಡಿಗೆ.

"ಏನ್ರೀ, ನೀವು ಮ್ಯಾಚ್ ನೋಡ್ತೀರೋ, ಡಂಗುರ ಹೊಡೀತೀರೋ? ನಿಮ್ಮ ಬಾಯಿಂದ ನನಗೆ ಒಂದು ಪಾಯಿಂಟೂ ನೆಟ್ಟಗೆ ನೋಡೋಕಾಗ್ತಿಲ್ಲ."

ಅವನು ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. ಅವಸರವೇ ಇಲ್ಲ. ಕಣ್ಣು ಮಾತ್ರ ಅವಳ ಮುಖದ ಮೇಲೆ. ಅದರಲ್ಲೊಂದು ನಗು, ಹೊರಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಂತೆ.

"ಇನ್ಮೇಲೆ ಮೊಳೆ ಬಾಯಲ್ಲಿಟ್ಕೊಂಡೇ ನೋಡ್ತೀನಿ ಬಿಡಿ," ಎಂದ. "ಕೂಗಿದ್ರೆ ನುಂಗ್ಬೇಕಾಗತ್ತೆ."

ಹೇಳಿದಂತೆಯೇ ಮಾಡಿದ. ಮುಂದಿನ ಮ್ಯಾಚಿನಲ್ಲಿ ಗೋಡೆಯಾಚೆ ಪಿಟ್ಟೆಂದು ಒಂದು ಸದ್ದಿಲ್ಲ. ಅವಳು ಮೊದಲ ಸೆಟ್ಟನ್ನು ಸುಖವಾಗಿ ನೋಡಿದಳು. ಎರಡನೆಯದರಲ್ಲಿ ಏನೋ ಕಳೆದುಕೊಂಡವಳಂತೆ ಅತ್ತಿತ್ತ ನೋಡಿದಳು. ಮೂರನೆಯದು ಶುರುವಾಗುವ ಹೊತ್ತಿಗೆ ಉಪ್ಪಿಲ್ಲದ ಊಟದಂತಾಗಿ, ಕುರ್ಚಿ ಎಳೆದುಕೊಂಡು ಗೋಡೆಗೆ ತಲೆಯಾನಿಸಿ ಕೂತಿದ್ದಳು.

ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ, ಅವನ ಮುಖ ನೋಡದೆ ಹೇಳಿದಳು. "ಆ ಮೊಳೆ ತೆಗೆದುಬಿಡಿ. ಹೊಟ್ಟೆಗೆ ಹೋದ್ರೆ ಕಷ್ಟ."

"ಹಾಗಾದ್ರೆ ಕೂಗಬಹುದಾ?"

"ಮೆಲ್ಲಗೆ."

ಅಲ್ಲಿಂದ ಶುರುವಾಯಿತು ನೋಡಿ. ಹೇಳಿಕೇಳಿ ಅವಳ ಕಸುಬೇ ಕಿವಿಯದು. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು, ಕೇಳದವರಿಗೆ ಮೆಷಿನ್ ಹಾಕಿಕೊಡುವುದು. ಎಲ್ಲರೂ ಕಿವಿ ಮೇಡಂ ಎಂದೇ ಕರೆಯುತ್ತಿದ್ದರು. ಅಂಥವಳಿಗೆ ಗೋಡೆಯಾಚೆಯ ಮನುಷ್ಯನನ್ನು ಓದುವುದೇನು ಮಹಾ? ಸ್ಪ್ರಿಂಗ್ ಕಿರ್ ಎಂದರೆ ಸೋಫಾದ ತುದಿಗೆ ಸರಿದಿದ್ದಾನೆ, ಸೆಟ್ಟು ಸಮಸಮವಾಗಿ ಟೈ-ಬ್ರೇಕರ್ ಬಂದಿದೆ. ಉಸಿರು ಮೂಗಿನಲ್ಲೇ ನಿಂತರೆ ದೊಡ್ಡಣ್ಣನ ಮೊಣಕಾಲು ಹಿಡಿದಿದೆ. ಅವಳು ಪರದೆಯನ್ನು ನೋಡುವುದನ್ನೇ ಹೆಚ್ಚುಕಮ್ಮಿ ಬಿಟ್ಟಿದ್ದಳು. ಮೊದಲು ಅವನು, ಆಮೇಲೆ ಮ್ಯಾಚು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ದೊಡ್ಡಣ್ಣನಿಗೂ ಅವಳಿಗೂ ಒಂದೇ ವಯಸ್ಸು. ಟೆನಿಸ್ಸಿನಲ್ಲಿ ಅದು ಮುದಿತನ. ಮದುವೆ ಮಾತು ಬಂದಾಗ ಅವಳ ನೆಂಟರಿಷ್ಟರ ಲೆಕ್ಕವೂ ಅದೇ. ಅವನೊಂದು ಕಪ್ ಗೆದ್ದರೆ ತನ್ನ ಪಾಲಿನದೂ ಇನ್ನೂ ಮುಗಿದಿಲ್ಲ ಎಂದು ಅವಳು ಯಾರಿಗೂ ಹೇಳದೆ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಇನ್ನು ಆ ಭಾನುವಾರ. ಚಿಗುರುಮೀಸೆಗೆ ಒಂದೇ ಪಾಯಿಂಟು ಸಾಕು. ಅವಳ ಪರದೆಯಲ್ಲಿ ಚೆಂಡು ಆಚೆಗೂ ಈಚೆಗೂ ಹಾರುತ್ತಿದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ಕಿವಿ ಕೊಟ್ಟಳು. ಸೋತಿದ್ದರೆ ಇಷ್ಟು ಹೊತ್ತಿಗೆ ಆಚೆ ಸೂರು ಹಾರಿರಬೇಕು. ಸದ್ದಿಲ್ಲ. ಎಂದರೆ ಸೋತಿಲ್ಲ. ಅವಳು ಎದ್ದು ನಿಂತು, ಪಕ್ಕದಲ್ಲಿ ತೂಕಡಿಸುತ್ತಿದ್ದ ಚಿಕ್ಕಮ್ಮನ ಕೈ ಹಿಡಿದು, "ಉಳ್ಕೊಂಡ, ಚಿಕ್ಕಮ್ಮ, ಉಳ್ಕೊಂಡ," ಎಂದಳು. ಬಾಗಿಲ ಸಂದಿನಿಂದ ಬಂದ ಸಂಜೆಯ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ಆ ನಾಲ್ಕಾರು ಕ್ಷಣ ಮನೆಯ ಕುರ್ಚಿ, ಮೇಜು, ಮಗುಚಿಟ್ಟ ಲೋಟ ಎಲ್ಲವೂ ಹೊಸದಾಗಿ ಕಂಡವು.

ಪರದೆಯತ್ತ ತಿರುಗಿದಾಗ ದೊಡ್ಡಣ್ಣನ ಚೆಂಡು ನೆಟ್ಟಿಗೆ ತಾಗಿ ಅವನ ಕಡೆಗೇ ಉದುರಿತು.

ಗೋಡೆ ಆಮೇಲೂ ಮಾತಾಡಲಿಲ್ಲ. ಅವಳು ತೀರ್ಮಾನಿಸಿಬಿಟ್ಟಳು: ಸೋಲುತ್ತಾನೆಂದು ಗೊತ್ತಾದದ್ದೇ ಟಿ.ವಿ. ಆರಿಸಿ ಎದ್ದುಹೋಗಿದ್ದಾನೆ. ಕೊನೆಯವರೆಗೆ ಕೂರುವವನಲ್ಲ.

ಬೆಳಿಗ್ಗೆ ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲ ಬುಡದಲ್ಲೇ ಅಡ್ಡಹಾಕಿದರು. ಅವರು ಮೂರನೆಯ ಟೆನಿಸ್ ಹುಚ್ಚರು, ಚಿಗುರುಮೀಸೆಯ ಕಡೆಯವರು.

"ಕಾಲು ಹೋಗಿದೆ ಕಣಮ್ಮ ನಿಮ್ಮ ದೊಡ್ಡಣ್ಣಂದು. ಮರ್ಯಾದೆಯಾಗಿ ಹೋದ ವರ್ಷವೇ ರಾಕೆಟ್ ಮೂಲೆಗಿಡ್ಬೇಕಿತ್ತು."

"ಕಾಲಲ್ಲ ಮೇಷ್ಟ್ರೇ, ಧೈರ್ಯ. ಪ್ರಾಣ ಹೋಗೋ ಪಾಯಿಂಟಲ್ಲಿ ಯಾರಾದ್ರೂ ಡ್ರಾಪ್ ಶಾಟ್ ಹಾಕ್ತಾರಾ? ನೆಟ್ಟಿನ ಆಚೆ ಮೆತ್ತಗೆ ಉದುರಿಸೋಕೆ ಹೋಗಿ ಈಚೆಗೇ ಬೀಳಿಸ್ಕೊಂಡ. ಬೀಸಿ ಹೊಡೆದಿದ್ರೆ ಗೆಲ್ತಿದ್ದ."

"ಬೀಸಿ ಹೊಡೆಯೋಕೆ ತೋಳಿದ್ರೆ ಸಾಕು," ಎಂದಿತು ಮೇಲಿನಿಂದೊಂದು ದನಿ. "ಮೆತ್ತಗೆ ಹಾಕೋಕೆ ಎದೆ ಬೇಕು."

ಹೆಗಲ ಮೇಲೆ ವೆಲ್ವೆಟ್ಟಿನ ಸುರುಳಿ ಹೊತ್ತು ಅವನು ಇಳಿದು ಬರುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಬಟ್ಟೆಯ ಕೆಂಪು ಒಮ್ಮೆ ಗಾಢವಾಗಿ, ಒಮ್ಮೆ ತಿಳಿಯಾಗಿ ಹೊರಳುತ್ತಿತ್ತು. ಅವಳು ಬಟ್ಟೆಯನ್ನೇ ನೋಡಿದಳು. ಅವನನ್ನು ನೋಡಬಾರದೆಂದು.

"ಎದೆ ಇದ್ದೇನು ಬಂತು? ಬಿದ್ದಿದ್ದು ನೆಟ್ಟಿಗೆ."

"ಬೀಳ್ಲಿ ಬಿಡಿ. ಹಾಕಿ ನೋಡಿದ್ನಲ್ಲ."

"ಅದು ನಿಮಗೆ ಹೇಗೆ ಗೊತ್ತು? ಅಷ್ಟರಲ್ಲಿ ನೀವು ಎದ್ದುಹೋಗಿದ್ರಲ್ಲ."

ಅವನು ಸುರುಳಿಯನ್ನು ಇನ್ನೊಂದು ಹೆಗಲಿಗೆ ಹೊರಳಿಸಿಕೊಂಡ.

ಮೇಷ್ಟ್ರಿಗೆ ನಾಲಿಗೆ ತುರಿಸುತ್ತಿತ್ತು. "ಇವರು ಎದ್ದುಹೋಗೋದು ಶನಿವಾರ ಕಣಮ್ಮ. ಥಿಯೇಟರ್ ಕೆಲಸ ಮುಗೀತಂತೆ, ಲಾರಿಗೆ ಹೇಳಿದ್ದಾರೆ. ಏನಯ್ಯ, ಪಕ್ಕದ ಮನೆಯವರಿಗೇ ಹೇಳಿಲ್ವಾ?"

ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಸರಿಯಾಗಿಯೇ ಇತ್ತು. "ಒಳ್ಳೇದಾಯ್ತು," ಎಂದು ಹೊರಟುಬಿಟ್ಟಳು.

ಅಂದು ಸಂಜೆ ಕುರ್ಚಿಯನ್ನು ಗೋಡೆಯಿಂದ ದೂರಕ್ಕೆ ಎಳೆದು ಹಾಕಿದಳು. ಚಿಕ್ಕಮ್ಮ ಎಲ್ಲವನ್ನೂ ನೋಡುತ್ತಿದ್ದರು. ಚಿಕ್ಕಮ್ಮನಿಗೆ ಕಿವಿ ಮಂದ. ಇಂಥ ಅಕ್ಕನ ಮಗಳು ಮನೆಯಲ್ಲೇ ಇದ್ದೂ ಮೆಷಿನ್ ಹಾಕಿಕೊಳ್ಳುವವರಲ್ಲ. "ಇಷ್ಟು ವರ್ಷ ಕೇಳಿಸ್ಕೊಂಡು ಉದ್ಧಾರ ಆಗಿದ್ದು ಸಾಕು" ಎಂದು ಅದನ್ನು ಡ್ರಾಯರಿನಲ್ಲಿಟ್ಟಿದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

"ಶನಿವಾರ ಹೋಗ್ತಾನಂತಲ್ಲೇ ಅವನು."

"ಹೋಗ್ಲಿ."

"ಏನಂದೆ?"

"ಹೋಗ್ಲಿ ಅಂದೆ."

"ಸರಿಯಾಗಿ ಕೇಳಿಸ್ಲಿಲ್ಲ."

"ಹೋಗ್ಲಿ ಅಂದೆ, ಚಿಕ್ಕಮ್ಮ."

ಚಿಕ್ಕಮ್ಮ ಕಂಬಳಿ ಮಡಿಸುತ್ತ ತಲೆಯಾಡಿಸಿದರು. "ಮೂರು ಸಲ ಹೇಳ್ದೆ. ಒಂದು ಸಲಕ್ಕೂ ನನಗೆ ಹಾಗೆ ಕೇಳಿಸ್ಲಿಲ್ಲ ನೋಡು."

ಗುರುವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವಳ ಕೋಣೆಯ ಬಾಗಿಲು ಸರಿಯಿತು. ಅವನು. ಕೂದಲು ಬಾಚಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕಿವಿಯ ಹಿಂದೆ ಮಾತ್ರ ಒಂದು ಎಳೆ ಕೆಂಪು ನೂಲು ಅಂಟಿಕೊಂಡಿತ್ತು.

"ನಿಮ್ಮ ಚಿಕ್ಕಮ್ಮ ಕಳಿಸಿದ್ರು. ಹಿಂದಿನಿಂದ ಕೂಗಿದ್ರಂತೆ, ನನಗೆ ಕೇಳಿಸ್ಲಿಲ್ವಂತೆ. ಹೋಗಿ ಕಿವಿ ತೋರಿಸ್ಕೋ ಅಂದ್ರು."

"ಯಾರು, ಅವರು ಹೇಳಿದ್ರಾ?"

"ನನಗೂ ನಗು ಬಂತು. ಆದ್ರೆ ಬಂದುಬಿಟ್ಟೆ."

ಅವಳು ನಗಲಿಲ್ಲ. ನಗದೆ ಇರುವುದಕ್ಕೆ ಎಷ್ಟು ಕಷ್ಟಪಟ್ಟಳು ಅನ್ನುವುದು ಅವಳ ಕೆನ್ನೆಗೇ ಗೊತ್ತು. ಗಾಜಿನ ಕಿಟಕಿಯಿರುವ ಪುಟ್ಟ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕಿದಳು. ನೂಲಿನ ಎಳೆಯನ್ನು ತೆಗೆಯಲು ಕೈ ಹೋಗಿ, ಅರ್ಧದಲ್ಲೇ ಹಿಂದೆ ಬಂತು. ಆ ಕೋಣೆಯ ಬಾಗಿಲು ಹಾಕಿದರೆ ಹೊರಗಿನ ಲೋಕವೇ ಅಳಿಸಿಹೋಗುತ್ತದೆ. ತನ್ನ ರಕ್ತ ಓಡುವುದು ತನಗೇ ಕೇಳಿಸುವಷ್ಟು ಮೌನ.

ಹೊರಗೆ ಕೂತು ಮೈಕಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದಳು. "ಎಷ್ಟು ಸಣ್ಣಗೆ ಕೇಳಿಸಿದ್ರೂ ಬೆರಳೆತ್ತಬೇಕು. ಕೇಳಿಸ್ತೋ ಇಲ್ವೋ ಅಂತ ಅನುಮಾನ ಇದ್ರೂ ಎತ್ತಬೇಕು. ಸಂಕೋಚ ಬೇಡ."

ಬೀಪ್. ಬೆರಳೆದ್ದಿತು. ಬೀಪ್. ಎದ್ದಿತು. ಕೀಚಲು ಸದ್ದುಗಳಿಗೆ ಮಾತ್ರ ಅವನು ಮಗುವಿನಂತೆ ಸುಮ್ಮನೆ ಕೂತಿದ್ದ. ವರ್ಷಗಟ್ಟಲೆ ಬಡಿದ ಸುತ್ತಿಗೆ ಅವನ್ನೆಲ್ಲ ತಿಂದುಹಾಕಿತ್ತು.

"ಮೇಡಂ," ಎಂದ ಒಳಗಿನಿಂದ. ಅಲ್ಲೂ ಒಂದು ಮೈಕಿದೆ. ಅವನ ದನಿ ನೇರ ಅವಳ ಕಿವಿಯೊಳಗೇ ಬಂತು. ಇಷ್ಟು ದಿನ ಗೋಡೆ ಅದರ ಅರ್ಧವನ್ನು ತನ್ನಲ್ಲೇ ಇಟ್ಟುಕೊಂಡಿತ್ತೆಂದು ಅವಳಿಗೆ ಈಗ ತಿಳಿಯಿತು. "ಭಾನುವಾರ ನಾನು ಎದ್ದುಹೋಗಿರಲಿಲ್ಲ."

ಅವಳ ಕೈ ಗುಂಡಿಯ ಮೇಲೇ ನಿಂತಿತು. "ಮತ್ತೆ ಸುಮ್ಮನಿದ್ರಿ?"

"ದಿಂಬು ಕಚ್ಕೊಂಡಿದ್ದೆ."

"ಯಾಕೆ?"

ಗಾಜಿನಾಚೆ ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ನಮ್ಮನೇಲಿ ಅವನು ಸೋತಾಗಿತ್ತು. ನಿಮ್ಮನೇಲಿ ಚೆಂಡು ಇನ್ನೂ ಗಾಳೀಲಿತ್ತು. ನಾನು ಕೂಗಿದ್ರೆ ಅಲ್ಲಿಗೆ ಮುಗೀತಿತ್ತು. ನಾಲ್ಕು ಕ್ಷಣ ಆದ್ರೂ ಅವನು ನಿಮಗೆ ಸೋಲದೆ ಇರ್ಲಿ ಅಂತ..." ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಂಡ. "ಉಳ್ಕೊಂಡ ಉಳ್ಕೊಂಡ ಅಂತ ನೀವು ಹೇಳಿದ್ದು ಕೇಳಿಸ್ತು. ಆಮೇಲೂ ಬಾಯಿ ಬರಲಿಲ್ಲ ನನಗೆ."

ಅವಳಿಗೆ ಆ ಸಂಜೆಯ ಬಿಸಿಲು ನೆನಪಾಯಿತು. ಪಾದದ ಮೇಲೆ ಬಿದ್ದಿದ್ದ ಬಿಸಿಲು, ಹೊಸದಾಗಿ ಕಂಡ ಲೋಟ. ಹಾಗಾದರೆ ಅದು ಅವನು ಕೊಟ್ಟದ್ದು. ಗೋಡೆಯಾಚೆ ಒಬ್ಬನೇ ಕೂತು, ದಿಂಬಿಗೆ ಹಲ್ಲೂರಿ, ಸೋಲನ್ನೆಲ್ಲ ತಾನೇ ಹಿಡಿದುಕೊಂಡು ಕೊಟ್ಟದ್ದು.

"ಶನಿವಾರದ್ದು ಯಾಕೆ ಹೇಳ್ಲಿಲ್ಲ?"

"ಅದೂ ಹಾಗೇ. ಹೇಳೋವರೆಗೂ ಗಾಳೀಲಿರತ್ತಲ್ಲ."

ಬೀಸಿ ಹೊಡೆಯಬೇಕು ಎಂದವಳು ತಾನೇ. ಬಾಗಿಲು ತೆರೆದು ಎದುರು ನಿಂತು ಹೇಳಬಹುದಿತ್ತು. ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದು ಪರೀಕ್ಷೆ ಇದೆ," ಎಂದಳು. "ಈಗ ಬೀಪ್ ಅಲ್ಲ, ಮಾತು. ಕೇಳಿಸಿದ್ರೆ ಬೆರಳೆತ್ತಿ."

ತುಟಿ ನೋಡಿ ಹೇಳಿಬಿಡಬಾರದೆಂದು ಈ ಪರೀಕ್ಷೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುವುದು ವಾಡಿಕೆ. ಅವಳೂ ಹಿಡಿದಳು. ಇನ್ನೊಂದು ಕೈಯಿಂದ ಗುಂಡಿಯನ್ನು ತಿರುಗಿಸಿ, ತಿರುಗಿಸಿ, ಸದ್ದನ್ನು ಎಲ್ಲಕ್ಕಿಂತ ಕೆಳಗೆ ತಂದಳು. ಒಳ್ಳೆಯ ಕಿವಿಯವರೂ ಕೇಳಿತೆಂದು ಆಣೆ ಮಾಡಲಾರದ ಜಾಗ ಅದು.

"ಹೋಗಬೇಡಿ," ಎಂದಳು.

ಏನೂ ಆಗಲಿಲ್ಲ. ಅವನು ಗಾಜಿನಾಚೆ ತಲೆ ಸ್ವಲ್ಪ ಓರೆಮಾಡಿ ಕೂತೇ ಇದ್ದ. ಒಂದು ಕ್ಷಣ, ಇನ್ನೊಂದು. ಅವಳ ಮನೆಗೆ ಎಲ್ಲವೂ ತಡವಾಗಿಯೇ ಬರುವುದಲ್ಲವೇ, ಅಷ್ಟು ತಡ. ಈ ಸಲ ಮುಂಚಿತವಾಗಿ ಹೇಳುವ ಗೋಡೆಯೂ ಇಲ್ಲ. ಚೆಂಡು ಗಾಳಿಯಲ್ಲಿತ್ತು, ಅವಳು ಕಣ್ಣು ಮುಚ್ಚಲಿಲ್ಲ.

ಬೆರಳು ಮೇಲೆದ್ದಿತು.

ಮೆಲ್ಲಗೆ, ಆದರೆ ಅನುಮಾನವಿದ್ದವರು ಎತ್ತುವ ಹಾಗಲ್ಲ. ಆಮೇಲೆ ಅವನ ದನಿ ಬಂತು, ಅಷ್ಟೇ ಮೆತ್ತಗೆ. "ಡ್ರಾಪ್ ಶಾಟ್ ಹಾಕಿದ್ರಿ."

"ನೆಟ್ಟಿಗೆ ಬಿತ್ತಾ?"

"ದಾಟ್ತು."

ಅವಳು ಬಾಯಿಂದ ಕೈ ತೆಗೆದಳು. ಅಡಗಿಸಿಟ್ಟಿದ್ದ ನಗುವೆಲ್ಲ ಅಲ್ಲೇ ಇತ್ತು, ಗಾಜಿನೀಚೆ, ಅವನು ನೋಡುವ ಹಾಗೆ. "ಲಾರಿಯವನಿಗೆ ಏನು ಹೇಳ್ತೀರಿ?"

"ಬರಿದೇ ಹೋಗು ಅಂತೀನಿ. ನಿಮ್ಮ ಆಸ್ಪತ್ರೆ ಕುರ್ಚಿಗಳೆಲ್ಲ ಹರಿದಿವೆ, ಮೇಡಂ. ಬಹಳ ದಿನದ ಕೆಲಸ ಇದೆ ಇಲ್ಲಿ."

ಪರೀಕ್ಷೆ ಮುಗಿದಿತ್ತು. ಹೆಡ್‌ಫೋನ್ ತೆಗೆಯಬಹುದೆಂದು ಸನ್ನೆ ಮಾಡಿ, ಎದ್ದು, ಆ ಕೆಂಪು ನೂಲನ್ನು ಈ ಸಲ ತೆಗೆಯಲೆಂದೇ ಅವಳು ಒಳಗಿನ ಬಾಗಿಲು ತೆರೆದಳು. ಅವನು ಬೆರಳನ್ನು ಇನ್ನೂ ಇಳಿಸಿರಲಿಲ್ಲ.