ಏಳು ಸುತ್ತಿನ ಗಂಟು

ವಾಮದಪದವಿನ ಸುತ್ತಮುತ್ತ ಕೋಳಿ ಅಂಕಗಳಲ್ಲಿ ಕಾಳಗಕ್ಕಿಳಿಯುವ ಹುಂಜದ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುತ್ತಿದ್ದವನು ನಾನು. ಎಡಗೈಯಿಂದ ಏಳು ಸುತ್ತು ಸುತ್ತಿ ಗಂಟು ಹಾಕುವುದು ನನ್ನ ಕ್ರಮ. ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ.

ಮೊನ್ನೆ ಮಧ್ಯಾಹ್ನ ಕಲ್ಲಡ್ಕದ ಹೋಟೆಲೊಂದರಲ್ಲಿ ಚಾ ಕುಡಿಯಲು ಕುಳಿತಿದ್ದೆ. ಟಿವಿಯಲ್ಲಿ ಕೈದಿಗಳ ಕಾಳಗ ಬರುತ್ತಿತ್ತು. ಒಬ್ಬ ಸಾಯುವ ತನಕ ಆಟ ಎಂದು ಕೆಳಗೆ ಅಕ್ಷರ ಹೋಗುತ್ತಿತ್ತು. ಬಿಳಿ ಅಂಗಿಯ ಇಬ್ಬರು ಕಾಲು ಚಾಚಿ ಕುಳಿತಿದ್ದರು. ಒಬ್ಬನ ಕಾಲಿಗಿಟ್ಟ ಕತ್ತಿಯ ಮೇಲೆ ನೂಲು ತನ್ನಷ್ಟಕ್ಕೇ ಸುತ್ತಿಕೊಳ್ಳುತ್ತಿತ್ತು. ಮೇಜಿನ ಮೇಲೆ ನನ್ನ ಬೆರಳುಗಳೂ ಆಡುತ್ತಿದ್ದವು. ಬೆರಳು ನಿಲ್ಲಿಸಿದೆ. ನೂಲೂ ನಿಂತಿತು. ಮೂರು ಸುತ್ತಾಗಿತ್ತು.

ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ.

"ಭೋಜಣ್ಣ, ಚಾ ತಣಿಯುತ್ತದೆ ಮಾರಾಯ್ರೆ," ಎಂದ ಹೋಟೆಲಿನ ಶೋಧನ್.

"ಆ ಟಿವಿ ಒಮ್ಮೆ ಬಂದ್ ಮಾಡು."

"ಕ್ರಿಕೆಟ್ ಉಂಟಲ್ಲ, ಗಿರಾಕಿಗಳು ನನ್ನನ್ನು ಬಿಡ್ತಾರಾ?"

ಗಂಟೆಗಟ್ಟಲೆ ಹಾಗೇ ಕುಳಿತೆ. ಚಾ ತಣಿಯಲಿಲ್ಲ, ಹಬೆ ಏಳುತ್ತಲೇ ಇತ್ತು. ತೆರೆಯ ಮೇಲಿನ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಒಬ್ಬ ಮೆಲ್ಲಗೆ ಕೈ ಮುಗಿದ. ಏಳಬೇಕಾದರೆ ಕೈ ಊರಬೇಕು. ಬೆರಳು ಆಡಿದರೆ ಅವರಲ್ಲೊಬ್ಬ ಸಾಯುತ್ತಾನೆ. ಸಂಜೆ ಕರೆಂಟು ಹೋದ ಮೇಲೆಯೇ ನಾನು ಎದ್ದದ್ದು.

ಅಂದಿನಿಂದ ಎಚ್ಚರವಿರುವಷ್ಟು ಹೊತ್ತೂ ಮುಷ್ಟಿ ಬಿಗಿಹಿಡಿದೇ ಇದ್ದೇನೆ. ಇವತ್ತು ಬೆಳಿಗ್ಗೆ ಹೆಂಡತಿ ಶಶಿಪ್ರಭಾ ಗಂಜಿ ಬಡಿಸುತ್ತ ಕೇಳಿದಳು:

"ನಿದ್ದೆಯಲ್ಲಿ ಎಂತ ಕಟ್ಟುದು ನೀವು? ಒಂದು ಕಟ್ಟಿ ಮುಗಿಸಿ, ಮತ್ತೆ ಇನ್ನೊಂದು ಕಟ್ಟಿದ್ರಿ."