ಒಲೆಗೆ ಬಿದ್ದ ಜೇನುರೊಟ್ಟಿ

"ಯಾರೇ ನಿನಗೆ ಇದನ್ನ ತರೋಕೆ ಹೇಳಿದ್ದು?"

ಹಿಲಾರಸ್ ಜೇನುರೊಟ್ಟಿಯನ್ನು ಮಿರ್ತಲೆಯ ಕೈಯಿಂದ ಕಿತ್ತು ಧಗಧಗ ಉರಿಯುವ ಒಲೆಗೆ ಎಸೆದ. ಅರಮನೆಯ ಅಡುಗೆಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ರೊಟ್ಟಿ ಬೇಯಿಸುವ ದಾಸಿ ಮಿರ್ತಲೆಗೆ ನಿಂತ ನೆಲವೇ ಕುಸಿದಂತಾಯಿತು. ಚಕ್ರವರ್ತಿಯ ಪ್ರತಿ ತುತ್ತನ್ನೂ ವಿಷವಿದೆಯೇ ಎಂದು ಮೊದಲು ತಿಂದು ನೋಡುವ ಗುಲಾಮ ಹಿಲಾರಸ್. ದಿನವೂ ಅವಳ ರೊಟ್ಟಿ ಮುರಿಯುವಾಗ ಅವಳತ್ತ ನೋಡಿ ನಗುತ್ತಿದ್ದ. ಆ ನಗೆಗಾಗಿಯೇ ಅವಳು ತನ್ನ ಪಾಲಿನ ಜೇನು ಉಳಿಸಿದ್ದಳು. ಅವರಿಬ್ಬರೂ ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು!

"ನಾನೇನು ವಿಷ ಬೆರೆಸ್ತೀನಾ?"

"ನೀನು ಕೊಟ್ಟಿದ್ದು ನಾನು ಮುಟ್ಟಲ್ಲ. ಇನ್ನೊಂದ್ಸಲ ಹತ್ತಿರ ಬಂದ್ರೆ ನೋಡು!"

"ಏನಮ್ಮಾ, ಮದುವೆ ಊಟ ಕರಕಲಾಯ್ತಾ?" ಮೇಲ್ವಿಚಾರಕ ನಿಕಾನರ್ ಕಿಸಕ್ಕನೆ ನಕ್ಕ.

'ನನ್ನನ್ನು ಕೊಲೆಗಾತಿ ಅಂದುಕೊಂಡನಲ್ಲಾ...' ಅವಳು ಹಿಟ್ಟಿನ ಚೀಲಗಳ ಹಿಂದೆ ಕೂತು ಅತ್ತಳು.

ಆ ಮಧ್ಯಾಹ್ನದ ಔತಣದಲ್ಲಿ ಹಾವುಮೀನಿನ ತುಂಡೊಂದನ್ನು ಬಾಯಿಗಿಟ್ಟ ಹಿಲಾರಸ್ ನೊರೆ ಕಾರುತ್ತಾ ಬಿದ್ದ.

ಕಾವಲಿನವರು ಅಡುಗೆಮನೆಗೆ ನುಗ್ಗಿ ಬಾಗಿಲು ಹಾಕಿದರು. "ಬೆಳಗ್ಗೆಯಿಂದ ಅವನಿಗೆ ತಿನ್ನೋಕೆ ಕೊಟ್ಟವರು ಯಾರ್ರೋ?"

ಚಿತ್ರಹಿಂಸೆ ಕೊಟ್ಟು ಗುಲಾಮರ ಮೂಳೆ ಮುರಿದ ಮೇಲೆಯೇ ಅವರ ಮಾತನ್ನು ಸಾಕ್ಷಿಯೆಂದು ಒಪ್ಪುತ್ತಿದ್ದರು. ಥೂ, ಅದೂ ಒಂದು ನ್ಯಾಯ!

"ಇವಳು ರೊಟ್ಟಿ ಕೊಟ್ಟಿದ್ಲು!" ಯಾರೋ ಕೂಗಿದರು. ಒಬ್ಬ ಅವಳ ಜಡೆ ಹಿಡಿದ.

"ಬಿಡಯ್ಯಾ ಅವಳನ್ನ!" ನಿಕಾನರ್ ಅಡ್ಡ ಬಂದ. ಅವನು ಗುಲಾಮಗಿರಿಯಿಂದ ಬಿಡುಗಡೆಯಾದವನು, ಅವನ ಮಾತಿಗೆ ಬೆಲೆಯಿತ್ತು. "ಆ ರೊಟ್ಟೀನ ಅವನು ನನ್ನ ಕಣ್ಣೆದುರೇ ಒಲೆಗೆ ಹಾಕಿದ. ಚೂರೂ ತಿಂದಿಲ್ಲ."

ಮೀನು ಬೇಯಿಸಿದವನನ್ನು ಎಳೆದೊಯ್ದರು. ಅವನು ಮತ್ತೆ ಬರಲಿಲ್ಲ.

ಮಿರ್ತಲೆ ಒಲೆಯ ಬೂದಿಯನ್ನೇ ನೋಡುತ್ತಾ ನಿಂತಳು. 'ಎಲ್ಲರೆದುರು ಎಸೆದದ್ದು... ಇದಕ್ಕಾ?'

ಹಿಲಾರಸ್ ಬದುಕಿದ, ನಾಲಿಗೆಯ ರುಚಿ ಮಾತ್ರ ಸತ್ತಿತು. ಉಪ್ಪು, ಹುಳಿ ತಿಳಿಯದವನು ಚಕ್ರವರ್ತಿಗೆ ಯಾಕೆ? ಅವನ ಜಾಗಕ್ಕೆ ಇನ್ನೊಬ್ಬ ಬಂದ. ಇವನನ್ನು ನೀರು ಹೊರುವವರ ಕತ್ತಲೆ ಕೋಣೆಗೆ ತಳ್ಳಿದರು.

ಅವಳು ಬಾರ್ಲಿ ಗಂಜಿ ಹಿಡಿದು ಅಲ್ಲಿಗೆ ಹೋದಳು.

"ಮೊದಲೇ ಹೇಳಬಾರದಿತ್ತಾ, ಪಾಪಿ?"

"ಹೇಳಿದ್ರೆ ಅಷ್ಟು ಚೆನ್ನಾಗಿ ಅಳ್ತಿದ್ಯಾ? ವಿಷ ಯಾವ ದಿನ ಬರುತ್ತೋ ಯಾರಿಗೆ ಗೊತ್ತು? ನೀನು ಕೊಟ್ಟಿದ್ದು ನಾನು ಮುಟ್ಟಲ್ಲ ಅಂತ ಎಲ್ಲರೂ ನಂಬಬೇಕಿತ್ತು, ಮಿರ್ತಲೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದೋನು ಸಾಯೋ ದಿನ ಹೆಂಡತಿ ಕೊಟ್ಟ ಅಂಜೂರ ತಿಂದಿದ್ದ. ಕಾವಲಿನವರು ಅವಳನ್ನ ಎಳ್ಕೊಂಡು ಹೋಗಿ ಹಿಂಸಿಸಿದಾಗ ಅವಳು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ... ನೀನು ಹಾಗೆ ಕಿರುಚೋದನ್ನ ಕೇಳೋ ಶಕ್ತಿ ನನಗಿರಲಿಲ್ಲ ಕಣೇ."

ಅವಳು ಗಂಜಿಯನ್ನು ಅವನ ಬಾಯಿಗಿಟ್ಟಳು. ಈ ಸಲ ಅವನು ಬೇಡವೆನ್ನಲಿಲ್ಲ.

"ಹೇಗಿದೆ?"

"ಸಿಹಿ... ಜೇನು ಸ್ವಲ್ಪ ಜಾಸ್ತಿ ಆಯ್ತು."

ಅದರಲ್ಲಿ ಜೇನಿನ ಹನಿಯೂ ಇರಲಿಲ್ಲ.

ಮಿರ್ತಲೆ ಕಣ್ಣೊರೆಸಿಕೊಂಡಳು. "ನಾಳೆ ಕಡಿಮೆ ಹಾಕ್ತೀನಿ. ಬಾಯಿ ತೆಗಿ."